ಕೋಲಾರದ ಕೆರೆಗೆ ಬೆಂಗಳೂರಿನ ನೀರು: ಕೆ.ಸಿ. ವ್ಯಾಲಿ ತಕರಾರು ಶುರುವಾದದ್ದು ಎಲ್ಲಿಂದ?

ಕೆ.ಸಿ. ವ್ಯಾಲಿ ನೀರು, ಅಂದರೆ ಶುದ್ಧ ಮಾಡಿ ಕೋಲಾರದ ಕೆರೆಗಳಿಗೆ ಬಿಡುವ ಬೆಂಗಳೂರಿನ ಕೊಳಚೆ ನೀರು, ಒಳ್ಳೆಯದಾ, ಕೆಟ್ಟದ್ದಾ? ಕೋಲಾರದಲ್ಲಿ ಹೀಗೆ ಕೇಳಿದರೆ ಒಂದೇ ಮನೆಯಲ್ಲಿ ಎರಡು ಉತ್ತರ ಸಿಗುತ್ತದೆ. ಬತ್ತಿದ ಬೋರ್‌ವೆಲ್‌ನಲ್ಲಿ ಮತ್ತೆ ನೀರು ಕಂಡ ಅಣ್ಣ ಒಳ್ಳೆಯದು ಎನ್ನುತ್ತಾನೆ. ಅದೇ ನೀರನ್ನು ಮಕ್ಕಳಿಗೆ ಕುಡಿಸಲು ಅತ್ತಿಗೆಗೆ ಭಯ. ಇಬ್ಬರ ಮಾತಲ್ಲೂ ನಿಜ ಇದೆ.

ಕೋಲಾರಕ್ಕೆ ವರ್ಷವಿಡೀ ಹರಿಯುವ ನದಿ ಇಲ್ಲ. ಎರಡು ಸಾವಿರಕ್ಕೂ ಹೆಚ್ಚು ಕೆರೆಗಳೇ ಜಿಲ್ಲೆಗೆ ಆಧಾರ. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು. ಆಮೇಲೆ ಬೋರ್‌ವೆಲ್ ಬಂತು, ಕೆರೆ ನೀರನ್ನು ಗದ್ದೆಗಳಿಗೆ ಹಂಚುತ್ತಿದ್ದ ನೀರುಗಂಟಿ ಮರೆಯಾದ, ಕೆರೆಯಂಗಳದಲ್ಲಿ ಜಾಲಿ ಬೆಳೆಯಿತು. 1,200, 1,500 ಅಡಿ ಕೊರೆದರೂ ನೀರಿಲ್ಲ, ಸಿಕ್ಕರೆ ಅದರಲ್ಲಿ ಹಲ್ಲು, ಮೂಳೆ ಕೆಡಿಸುವಷ್ಟು ಫ್ಲೋರೈಡ್. ಪಶ್ಚಿಮ ಘಟ್ಟದ ಹೊಳೆ ನೀರನ್ನು ಈ ಕಡೆಗೆ ತರುವ ಎತ್ತಿನಹೊಳೆ ಯೋಜನೆಗೆ 2014ರಲ್ಲಿ ಶಂಕುಸ್ಥಾಪನೆ ಆಯಿತು. ನೀರು ಬರಲಿಲ್ಲ. 2016ರ ಮಾರ್ಚ್‌ನಲ್ಲಿ ಶಾಶ್ವತ ನೀರಾವರಿ ಬೇಕೆಂದು ರೈತರು ಟ್ರ್ಯಾಕ್ಟರ್ ಹತ್ತಿ ಬೆಂಗಳೂರಿಗೇ ಹೊರಟರು.

ಅತ್ತ ಬೆಂಗಳೂರಿಗೆ ತನ್ನ ಕೊಳಚೆ ನೀರಿನದೇ ಚಿಂತೆ. ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರುತ್ತಿತ್ತು. 2015ರಲ್ಲಿ, ಮತ್ತೆ 2017ರಲ್ಲಿ ಕೆರೆಗೆ ಬೆಂಕಿಯೇ ಬಿತ್ತು. ಕೊನೆಗೆ ಎರಡೂ ಕಡೆಯ ಕಷ್ಟವನ್ನು ಒಂದೇ ಪೈಪಿಗೆ ಸೇರಿಸಲಾಯಿತು. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ (ಇದೇ ಕೆ.ಸಿ. ವ್ಯಾಲಿ) ಕೊಳಚೆಯನ್ನು ಶುದ್ಧ ಮಾಡಿ, ದಿನಕ್ಕೆ 44 ಕೋಟಿ ಲೀಟರ್ ನೀರನ್ನು ಕೋಲಾರದ ಕಡೆಯ 126 ಕೆರೆಗಳಿಗೆ ತುಂಬಿಸುವ ಯೋಜನೆ ಅದು. ಚಿಕ್ಕಬಳ್ಳಾಪುರಕ್ಕೆ ಹೆಬ್ಬಾಳ-ನಾಗವಾರ ಕಣಿವೆಯಿಂದ ಇಂಥದ್ದೇ ಇನ್ನೊಂದು.

2018ರ ಜೂನ್‌ನಲ್ಲಿ ನರಸಾಪುರದ ಹತ್ತಿರದ ಲಕ್ಷ್ಮೀಸಾಗರ ಕೆರೆಗೆ ಮೊದಲು ನೀರು ಬಂತು. ವರ್ಷಗಟ್ಟಲೆ ಒಣಗಿದ್ದ ಕೆರೆ. ಅದರಲ್ಲಿ ನೀರು ನಿಂತರೆ ಖುಷಿ ಆಗದೆ ಇರುತ್ತದಾ? ಮರು ತಿಂಗಳೇ ಅಲ್ಲಿ ಬಿಳಿ ನೊರೆ ಎದ್ದಿತು. ಬೆಳ್ಳಂದೂರಿನ ನೊರೆ ಟಿವಿಯಲ್ಲಿ ನೋಡಿದ್ದವರಿಗೆ ಬೇರೆ ಯಾರೂ ಏನೂ ಹೇಳಬೇಕಾಗಿರಲಿಲ್ಲ. ಜುಲೈನಲ್ಲೇ ಹೈಕೋರ್ಟ್ ತಡೆ ಕೊಟ್ಟಿತು, ಕೆಲ ತಿಂಗಳಲ್ಲಿ ಅದು ತೆರವಾಯಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆಯಿತು, ಏಪ್ರಿಲ್‌ನಲ್ಲಿ ಮತ್ತೆ ದಾರಿ ಬಿಟ್ಟಿತು.

ಈ ತಕರಾರು ಅರ್ಥವಾಗಬೇಕಾದರೆ ನೀರು ಶುದ್ಧವಾಗುವ ಬಗೆ ತಿಳಿಯಬೇಕು. ಮೊದಲ ಹಂತದಲ್ಲಿ ಕಸ, ಮರಳು, ಕೆಳಗೆ ಕೂರುವ ರಾಡಿ ತೆಗೆಯುತ್ತಾರೆ. ಎರಡನೆಯದರಲ್ಲಿ ಗಾಳಿ ಊದುತ್ತಾರೆ, ಬ್ಯಾಕ್ಟೀರಿಯಾ ಉಳಿದ ಹೊಲಸನ್ನು ತಿನ್ನುತ್ತವೆ. ಮೂರನೆಯದು ಸೋಸಿ, ಸಾರಜನಕ, ರಂಜಕ, ರೋಗಾಣುಗಳನ್ನು ಕಳೆಯುವ ಹಂತ. ಕೋಲಾರಕ್ಕೆ ಬಂದದ್ದು ಎರಡು ಹಂತ ಮುಗಿಸಿದ ನೀರು. ಇದು ಕುಡಿಯಲಿಕ್ಕಲ್ಲ, ನೇರವಾಗಿ ಬೆಳೆಗೂ ಅಲ್ಲ, ಅಂತರ್ಜಲಕ್ಕೆ ಮಾತ್ರ, ಉಳಿದದ್ದನ್ನು ಮಣ್ಣೇ ಸೋಸುತ್ತದೆ ಎಂಬುದು ಯೋಜನೆಯ ವಾದ.

ಮಣ್ಣು ಸೋಸುತ್ತದೆ ನಿಜ, ಆದರೆ ಎಲ್ಲವನ್ನೂ ಅಲ್ಲ. ನೀರಲ್ಲಿ ಕರಗಿದ ನೈಟ್ರೇಟ್ (ಸಾರಜನಕದ ಒಂದು ರೂಪ) ನೀರಿನ ಜೊತೆಗೇ ಇಳಿಯುತ್ತದೆ. ನಮ್ಮ ಕಡೆ ಮಣ್ಣಿನ ಪದರದ ಕೆಳಗೆ ಗಟ್ಟಿ ಕಲ್ಲು. ಕಲ್ಲಿನ ಬಿರುಕಿಗೆ ಸಿಕ್ಕ ನೀರು ಸೋಸುವ ಮೊದಲೇ ದೂರ ಹೋಗಿಬಿಡಬಹುದು. ಅಂತರ್ಜಲಕ್ಕೆ ಮಾತ್ರ ಅಂದರೂ ಆ ಅಂತರ್ಜಲವನ್ನೇ ಅಲ್ವಾ ಊರವರು ಬೋರ್‌ವೆಲ್‌ನಿಂದ ಎತ್ತಿ ಬಳಸುವುದು?

ಅಂತರ್ಜಲ ಮೇಲೆ ಬಂದದ್ದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ (ಐಐಎಸ್‌ಸಿ) ಅಧ್ಯಯನವೂ ಹೇಳಿದೆ. ಸತ್ತ ಬೋರ್‌ವೆಲ್‌ಗಳಿಗೆ ಜೀವ ಬಂದದ್ದನ್ನು ಸುಮ್ನೆ ತಳ್ಳಿಹಾಕಲು ಆಗದು. ಕೆರೆಗಳನ್ನು ಮತ್ತೆ ಒಣಗಿಸಿ ಎಂದು ಹಳ್ಳಿಯವರು ಕೇಳುತ್ತಿಲ್ಲ. ಮೂರನೇ ಹಂತ ಮಾಡಿ ನೀರು ಕೊಡಿ ಎನ್ನುತ್ತಿದ್ದಾರೆ. ಇದು ಜಾಸ್ತಿ ಆಸೆ ಅಂತ ನನಗಂತೂ ಅನಿಸುವುದಿಲ್ಲ.

2024ರ ಸೆಪ್ಟೆಂಬರ್‌ನಲ್ಲಿ ಸಕಲೇಶಪುರದ ಬಳಿ ಎತ್ತಿನಹೊಳೆಯ ಮೊದಲ ಹಂತಕ್ಕೆ ಚಾಲನೆ ಸಿಕ್ಕಿತು. ಆ ನೀರು ಕೋಲಾರ ಮುಟ್ಟುವ ತನಕ ಈ ಕೆರೆಗಳಿಗೆ ಬೆಂಗಳೂರಿನ ನೀರೇ ಗತಿ. ಕೆರೆಯ ಕೆಳಗಿನ ಪ್ರತಿ ಹಳ್ಳಿಯ ಬೋರ್‌ವೆಲ್ ನೀರನ್ನು ಮೂರು ತಿಂಗಳಿಗೊಮ್ಮೆ ಪರೀಕ್ಷೆ ಮಾಡಿಸಬೇಕು. ಫಲಿತಾಂಶವನ್ನು ಪಂಚಾಯಿತಿ ಬೋರ್ಡಿನಲ್ಲಿ ಕನ್ನಡದಲ್ಲಿ ಹಾಕಬೇಕು. ಅಣ್ಣ, ಅತ್ತಿಗೆ ಇಬ್ಬರೂ ಅದನ್ನು ಓದಲಿ.