ಕೋಳಿ ಸಾರಿಗೆ ಹುಳಿ ಯಾವಾಗ ಹಾಕಬೇಕು?

ಆಲೂಗಡ್ಡೆ ಹಾಕಿ ಹುಳಿಯಾಗಿ ಮಾಡುವ ಕೋಳಿ ಸಾರು ಕೆಡುವುದು ಮಸಾಲೆಯಿಂದಲ್ಲ, ಹುಣಸೆರಸ ಹಾಕುವ ಹೊತ್ತಿನಿಂದ. ಅಡುಗೆ ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಎಲ್ಲವನ್ನೂ ಒಟ್ಟಿಗೆ ಹಾಕಿ ಮುಚ್ಚಿಟ್ಟಿದ್ದೆ. ಮಾಂಸ ಮೂಳೆ ಬಿಟ್ಟು ಬಂತು, ಆಲೂಗಡ್ಡೆ ಮಾತ್ರ ಒಳಗೆ ಗಟ್ಟಿಯಾಗಿಯೇ ಇತ್ತು.

ಕಾರಣ ಪೆಕ್ಟಿನ್. ಗಡ್ಡೆಯ ಜೀವಕೋಶಗಳನ್ನು ಅಂಟಿನ ಹಾಗೆ ಹಿಡಿದಿರುವುದು ಅದೇ, ಬಿಸಿಗೆ ಅದು ಕರಗಿದರೆ ತಾನೇ ಗಡ್ಡೆ ಮೆತ್ತಗಾಗುವುದು? ಹುಳಿ ಇದ್ದ ಕಡೆ ಅದು ಬೇಗ ಕರಗುವುದಿಲ್ಲ. ಮೂಲಂಗಿ ಹಾಕಿದರೂ ಇದೇ ಕಥೆ.

ಹಾಗಾಗಿ 1 ಕೆಜಿ ಕೋಳಿಗೆ 250 ಗ್ರಾಂ ಆಲೂಗಡ್ಡೆ ತಗೊಳ್ಳಿ, ತುಂಡು ಸ್ವಲ್ಪ ದೊಡ್ಡದಾಗಿರಲಿ. ಈರುಳ್ಳಿ ಕೆಂಪಗಾದ ಮೇಲೆ ಶುಂಠಿ, ಬೆಳ್ಳುಳ್ಳಿ, ಅರೆದ ಮಸಾಲೆ ಹಾಕಿ, ಹಸಿ ವಾಸನೆ ಹೋಗಿ ಎಣ್ಣೆ ಬಿಡುವ ತನಕ ಹುರಿಯಿರಿ, ಇಲ್ಲಿ ಮಾತ್ರ ಅವಸರ ಬೇಡ. ಆಮೇಲೆ ಕೋಳಿ, ಉಪ್ಪು, ಅರಿಶಿನ. ಕೋಳಿ ನೀರು ಬಿಟ್ಟಾಗ ಆಲೂಗಡ್ಡೆ ಸೇರಿಸಿ, ಬೇಕಾದಷ್ಟು ಬಿಸಿನೀರು ಹಾಕಿ ಮುಚ್ಚಿಡಿ. ಬ್ರಾಯ್ಲರ್ ಆದರೆ ಆಲೂಗಡ್ಡೆಯೂ ಕೋಳಿಯೂ ಹೆಚ್ಚುಕಡಿಮೆ ಒಟ್ಟಿಗೇ ಬೇಯುತ್ತವೆ. ನಾಟಿ ಕೋಳಿಗೆ ಜಾಸ್ತಿ ಹೊತ್ತು ಬೇಕು, ಅದು ಮುಕ್ಕಾಲು ಬೆಂದ ಮೇಲೆ ಆಲೂಗಡ್ಡೆ ಹಾಕಿ, ಇಲ್ಲದಿದ್ದರೆ ಕರಗಿ ಹೋಗುತ್ತದೆ.

ಚಾಕು ತುದಿ ಆಲೂಗಡ್ಡೆಯೊಳಗೆ ಸಲೀಸಾಗಿ ಇಳಿಯಿತಾ? ಈಗ ಹುಣಸೆರಸ. ಸಣ್ಣ ನಿಂಬೆಹಣ್ಣಿನಷ್ಟು ಹುಣಸೆ ಸಾಕು, ಅದನ್ನೂ ಒಂದೇ ಸಲ ಸುರಿಯಬೇಡಿ, ರುಚಿ ನೋಡುತ್ತಾ ಹಾಕಿ. 7–8 ನಿಮಿಷ ಸಣ್ಣ ಉರಿಯಲ್ಲಿ ಕುದಿಯಲಿ. ಹುಳಿ ಚುಚ್ಚಿದ ಹಾಗೆ ಅನ್ನಿಸಿದರೆ ನೀರು ಸುರಿಯಬೇಡಿ, ಚೂರು ಬೆಲ್ಲ ಹಾಕಿ. ಅಂದ ಹಾಗೆ ಅಲ್ಯೂಮಿನಿಯಂ ಪಾತ್ರೆ ಬೇಡ, ಹುಳಿಗೆ ಅದರ ಲೋಹ ಬಿಡುತ್ತದೆ. ಸ್ಟೀಲ್ ಅಥವಾ ಮಣ್ಣಿನ ಪಾತ್ರೆ ಒಳ್ಳೆಯದು.

ಗೋವಾದ ವಿಂದಾಲೂ ಮಾಡುವವರಿಗೂ ಒಂದು ಮಾತು. ಹೆಸರಿನಲ್ಲಿ ‘ಆಲೂ’ ಕೇಳಿಸುತ್ತದೆ ಅಂತ ಎಷ್ಟೋ ಹೋಟೆಲುಗಳಲ್ಲಿ ಆಲೂಗಡ್ಡೆ ಹಾಕುತ್ತಾರೆ, ಆದರೆ ಆ ಹೆಸರು ಬಂದಿದ್ದು ಪೋರ್ಚುಗೀಸ್ ಅಡುಗೆಯೊಂದರಿಂದ, ಅಲ್ಲಿ ‘ಆಲ್ಯು’ ಅಂದರೆ ಬೆಳ್ಳುಳ್ಳಿ. ಹಾಕಬಾರದು ಅಂತೇನಿಲ್ಲ. ಮಾಂಸ ಮೊದಲೇ ವಿನೆಗರ್‌ನಲ್ಲಿ ನೆನೆದಿರುತ್ತದೆ ಅಲ್ವಾ, ಅದಕ್ಕೆ ಆಲೂಗಡ್ಡೆಯನ್ನು ಬೇರೆ ಬೇಯಿಸಿಕೊಂಡು ಕೊನೆಗೆ ಸೇರಿಸಿ.