ಕಾಲಿಗಿಂತ ಮೊದಲು ಮಣಿಕಟ್ಟು ನೋಡಿ

"ಡಾಕ್ಟ್ರೇ, ಮಗುವಿನ ಕಾಲು ಸೊಟ್ಟ ಕಾಣ್ತಿದೆ" ಎಂದು ಬರುವವರು ಜಾಸ್ತಿ. ನಾನು ಮೊದಲು ಹಿಡಿಯುವುದು ಕೈಯನ್ನು. 2 ವರ್ಷದವರೆಗೆ ಕಾಲು ಸ್ವಲ್ಪ ಬಿಲ್ಲಿನಂತೆ ಬಾಗಿರುವುದು ಸಹಜ. ಅದನ್ನೇ ನೋಡುತ್ತಾ ಕೂತರೆ ಮೋಸ ಹೋಗುತ್ತೇವೆ. ಮಣಿಕಟ್ಟು ಹಾಗಲ್ಲ. ಬೆರಳಿಂದ ಸವರಿದಾಗ ಚರ್ಮದ ಕೆಳಗೆ ಬಳೆ ಇದ್ದ ಹಾಗೆ ದಪ್ಪ ಅಂಚು ಸಿಕ್ಕರೆ ನನಗೆ ರಿಕೆಟ್ಸ್, ಅಂದರೆ ಹೆಚ್ಚಾಗಿ ವಿಟಮಿನ್ ಡಿ ಕೊರತೆಯಿಂದ ಮಕ್ಕಳ ಮೂಳೆ ಮೆತ್ತಗಾಗುವ ಕಾಯಿಲೆಯ ಅನುಮಾನ ಶುರು. ಮೂಳೆಯ ತುದಿ ಬೆಳೆಯುತ್ತಲೇ ಇದೆ, ಆದರೆ ಗಟ್ಟಿಯಾಗುತ್ತಿಲ್ಲ. ಪಕ್ಕೆಲುಬುಗಳ ಮುಂದೆಯೂ ಮಣಿ ಪೋಣಿಸಿದಂಥ ಗಂಟುಗಳು ಕೈಗೆ ಸಿಗಬಹುದು. ನೆತ್ತಿ ತಡವಾಗಿ ಮುಚ್ಚುವುದು, ಹಲ್ಲು, ನಡಿಗೆ ತಡವಾಗುವುದು ಕೂಡ ಸುಳಿವೇ.

ಎಳೆಗೂಸುಗಳಲ್ಲಿ ಇದ್ಯಾವುದೂ ಕಾಣದೆ, ರಕ್ತದಲ್ಲಿ ಕ್ಯಾಲ್ಸಿಯಂ ಇಳಿದು ನೇರವಾಗಿ ಫಿಟ್ಸ್ ಬರುವುದೂ ಉಂಟು.

ತಾಯಿಹಾಲಿಗೆ ಸಾಟಿಯಿಲ್ಲ, ಆದರೆ ಅದರಲ್ಲಿ ವಿಟಮಿನ್ ಡಿ ತೀರಾ ಕಡಿಮೆ. ಹಾಗಾಗಿ ಹುಟ್ಟಿದ ಕೆಲವೇ ದಿನಗಳಿಂದ 1 ವರ್ಷದವರೆಗೆ ದಿನಕ್ಕೆ 400 ಯೂನಿಟ್ ಹನಿ ಬೇಕು. ಕಿಟಕಿ ಗಾಜಿನ ಹಿಂದೆ ಬಿಸಿಲು ಕಾಯಿಸಿದರೆ ಸಾಕು ಅನ್ನುವವರಿದ್ದಾರೆ. ವಿಟಮಿನ್ ಡಿ ತಯಾರಾಗಲು ಬೇಕಾದ ಕಿರಣವನ್ನು ಗಾಜು ತಡೆಯುತ್ತದೆ, ಸುಮ್ನೆ ಬಿಸಿ ಮಾತ್ರ ಸಿಗುತ್ತದೆ.

ಆರೋಗ್ಯವಾಗಿರುವ ಎಲ್ಲ ಮಕ್ಕಳಿಗೂ ರಕ್ತ ಪರೀಕ್ಷೆ ಬೇಡ. ಅನುಮಾನವಿದ್ದರೆ 25-ಹೈಡ್ರಾಕ್ಸಿ ವಿಟಮಿನ್ ಡಿ ನೋಡುತ್ತೇವೆ, ಮೈಯಲ್ಲಿ ವಿಟಮಿನ್ ಡಿ ಎಷ್ಟಿದೆ ಎಂದು ಹೇಳುವ ಪರೀಕ್ಷೆ ಅದು. ಮಿಲಿಲೀಟರಿಗೆ 20 ನ್ಯಾನೊಗ್ರಾಂ ಮೇಲಿದ್ದರೆ ಸಾಕು, 12ಕ್ಕಿಂತ ಕೆಳಗಿದ್ದರೆ ಕೊರತೆ. ರಿಕೆಟ್ಸ್ ಆಗಿದ್ದರೆ ರಕ್ತದಲ್ಲಿ ಮೂಳೆಯಿಂದ ಬರುವ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ ಏರಿರುತ್ತದೆ, ಎಕ್ಸ್‌ರೇಯಲ್ಲಿ ಮಣಿಕಟ್ಟಿನ ಮೂಳೆಯ ತುದಿ ಬಟ್ಟಲಿನಂತೆ ಒಳಗೆ ತಗ್ಗಿ, ನೂಲು ಬಿಟ್ಟ ಬಟ್ಟೆಯ ಅಂಚಿನಂತೆ ಕಾಣುತ್ತದೆ.

ಚಿಕಿತ್ಸೆ ಕಷ್ಟವಿಲ್ಲ. ರಿಕೆಟ್ಸ್ ಇರುವ 1 ವರ್ಷದೊಳಗಿನ ಮಗುವಿಗೆ ದಿನಕ್ಕೆ 2000 ಯೂನಿಟ್, ಕನಿಷ್ಠ 3 ತಿಂಗಳು, ಜೊತೆಗೆ ಕ್ಯಾಲ್ಸಿಯಂ. ದೊಡ್ಡ ಮಕ್ಕಳಿಗೆ ಡೋಸ್ ಜಾಸ್ತಿ. ಬೇಗ ಹಿಡಿದರೆ ಬಾಗಿದ ಕಾಲೂ ಬೆಳೆಯುತ್ತಾ ನೇರವಾಗುತ್ತದೆ. ಮೂರು ತಿಂಗಳಾದರೂ ಎಕ್ಸ್‌ರೇ ಸುಧಾರಿಸದಿದ್ದರೆ ಕಾರಣ ಬೇರೆ ಇರಬಹುದು. ಆಗ ಡೋಸ್ ಏರಿಸುತ್ತಾ ಹೋಗದೆ ಕಿಡ್ನಿ, ಮೂಳೆಗೆ ಬೇಕಾದ ಇನ್ನೊಂದು ಖನಿಜವಾದ ಫಾಸ್ಫೇಟ್ ಕಡೆ ನೋಡಬೇಕು.

ನನಗೆ ನಿಜವಾದ ಭಯ ಹನಿಯ ಬಾಟ್ಲಿಯದು. ಒಂದು ಬ್ರ್ಯಾಂಡಿನಲ್ಲಿ 400 ಯೂನಿಟ್ ಇಡೀ 1 ಮಿಲಿಲೀಟರಿನಲ್ಲಿದ್ದರೆ, ಇನ್ನೊಂದರಲ್ಲಿ ಒಂದೇ ಹನಿಯಲ್ಲಿರುತ್ತದೆ. ಬಾಟ್ಲಿ ಬದಲಾಗಿ, ಹಳೇ ಅಳತೆಯೇ ಉಳಿದರೆ ಹತ್ತಾರು ಪಟ್ಟು ಹೆಚ್ಚಾಯಿತು ಅಲ್ವಾ? ವಾಂತಿ, ಮಲಬದ್ಧತೆ, ಪದೇ ಪದೇ ಮೂತ್ರ ಶುರುವಾದರೆ ಹನಿ ನಿಲ್ಲಿಸಿ, ಮಗುವಿನ ಜೊತೆ ಬಾಟ್ಲಿಯನ್ನೂ ತಗೊಂಡು ಬನ್ನಿ.