ರನ್‌ವೇ ನೇರಕ್ಕಿದೆ, ಗಾಳಿ ಅಡ್ಡಕ್ಕಿದೆ

ಮೊದಲ ಕಾಲದ ಪೈಲಟ್‌ಗಳಿಗೆ ಅಡ್ಡಗಾಳಿಯ ಈ ತಲೆನೋವು ಅಷ್ಟಾಗಿ ಇರಲಿಲ್ಲ. ಅಗಲವಾದ ಹುಲ್ಲು ಬಯಲು, ಗಾಳಿ ಬರುವ ಕಡೆಗೇ ಮೂತಿ ಮಾಡಿ ಇಳಿಯುವುದು. ಆಮೇಲೆ ವಿಮಾನ ಭಾರವಾಯಿತು, ಕಾಂಕ್ರೀಟ್ ರನ್‌ವೇ ಬಂತು, ಇಳಿಯುವ ದಿಕ್ಕು ಗಟ್ಟಿಯಾಯಿತು. ಗಾಳಿ ಮಾತ್ರ ಯಾರ ಮಾತೂ ಕೇಳಲಿಲ್ಲ.

ಆ ದಶಕಗಳ ಶ್ರಮ ಹೆಚ್ಚಾಗಿ ಮಂಜು, ಮೋಡದಲ್ಲಿ ರನ್‌ವೇ ಹುಡುಕುವುದಕ್ಕೇ ಹೋಯಿತು. 1929ರಲ್ಲಿ ಅಮೆರಿಕದ ಜಿಮ್ಮಿ ಡೂಲಿಟಲ್ ಹೊರಗೇನೂ ಕಾಣದಂತೆ ಮುಚ್ಚಿದ ಕಾಕ್‌ಪಿಟ್‌ನಲ್ಲಿ ಕೂತು, ರೇಡಿಯೊ ಸಂಕೇತ ಮತ್ತು ಮೀಟರ್‌ಗಳನ್ನೇ ನಂಬಿ ಹಾರಿ ಇಳಿದರು. ಅದೇ ದಾರಿಯಲ್ಲಿ ಐಎಲ್‌ಎಸ್, ಅಂದರೆ ರೇಡಿಯೊ ಸಂಕೇತದಿಂದ ಇಳಿಯುವ ದಾರಿ ತೋರಿಸುವ ವ್ಯವಸ್ಥೆ ಬಂತು. ರನ್‌ವೇಯ ಆಚೆ ತುದಿಯ ಆಂಟೆನಾದಿಂದ, ಇಳಿಯಲು ಬರುವವನ ಎಡಕ್ಕೆ 90 ಹರ್ಟ್ಜ್, ಬಲಕ್ಕೆ 150 ಹರ್ಟ್ಜ್ ಸಂಕೇತ ಜೋರಾಗಿರುತ್ತದೆ. ಎರಡೂ ಸಮವಾದರೆ ಕಾಕ್‌ಪಿಟ್‌ನ ಮೀಟರ್ ಮುಳ್ಳು ನಡುವೆ ನಿಲ್ಲುತ್ತದೆ. ಇಳಿದು ಬರುವ ದಾರಿಯ ಇಳಿಜಾರು ಸಾಮಾನ್ಯವಾಗಿ 3 ಡಿಗ್ರಿ.

ಗೆರೆ ಸಿಕ್ಕಿತು ಸರಿ, ಅದರ ಮೇಲೆ ಉಳಿಯುವುದು ಹೇಗೆ? ತುಂಬಿದ ತುಂಗಭದ್ರೆಯಲ್ಲಿ ತೆಪ್ಪದವನು ಹರಿವಿಗೆ ಎದುರಾಗಿ ಓರೆ ಮಾಡಿಕೊಂಡೇ ಆಚೆ ದಡ ಸೇರುತ್ತಾನಲ್ವಾ, ಹಾಗೆ. ಮೂತಿ ಗಾಳಿಯತ್ತ, ಸಾಗುವುದು ಗೆರೆಯ ಮೇಲೆ. ಚಕ್ರ ನೆಲ ಮುಟ್ಟುವ ಮುನ್ನ ರಡ್ಡರ್ (ಬಾಲದ ಚುಕ್ಕಾಣಿ) ಒತ್ತಿ ಮೂತಿ ನೇರ ಮಾಡಿ, ಗಾಳಿ ಕಡೆಯ ರೆಕ್ಕೆ ತುಸು ತಗ್ಗಿಸಬೇಕು. ಟೇಕಾಫ್‌ನಲ್ಲಿ ಇದೇ ಉಲ್ಟಾ: ಓಡುವಾಗ ನೇರ, ನೆಲ ಬಿಟ್ಟ ಮೇಲೆ ಓರೆ.

ಪೈಲಟ್ಟೇ ಇಲ್ಲದೆ ಇದು ಆಗುತ್ತದಾ ಎಂಬ ಪರೀಕ್ಷೆ ನಡೆದದ್ದು ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲೇ, ಚಳ್ಳಕೆರೆ ಕಡೆಯ ಡಿಆರ್‌ಡಿಒ ನೆಲೆಯಲ್ಲಿ. 2023ರ ಏಪ್ರಿಲ್ 2ರಂದು ಇಸ್ರೋದ ಮರುಬಳಕೆ ರಾಕೆಟ್ ಪ್ರಯೋಗದ ರೆಕ್ಕೆಯ ವಾಹನವನ್ನು ಚಿನೂಕ್ ಹೆಲಿಕಾಪ್ಟರ್ ಸುಮಾರು 4.5 ಕಿ.ಮೀ. ಎತ್ತರದಲ್ಲಿ ಬಿಟ್ಟಿತು. ಎಂಜಿನ್ ಬಲ ಇಲ್ಲ. ತಪ್ಪಿದರೆ ಇನ್ನೊಂದು ಸುತ್ತು ಹಾಕಿ ಬರುವ ಮಾತೇ ಇಲ್ಲ. ಅಂದು ರನ್‌ವೇಯ ನೇರಕ್ಕೇ ಬಿಟ್ಟಿದ್ದರು. 2024ರ ಮಾರ್ಚ್‌ನಲ್ಲಿ ಬೇಕಂತಲೇ 150 ಮೀಟರ್ ಪಕ್ಕಕ್ಕೆ, ಜೂನ್‌ನಲ್ಲಿ 500 ಮೀಟರ್ ಪಕ್ಕಕ್ಕೆ. ಆ ದಿನ ಗಾಳಿಯೂ ಜಾಸ್ತಿ. ವಾಹನ ತಾನೇ ಓರೆ ಸರಿಮಾಡಿಕೊಂಡು ನಡುಗೆರೆಗೆ ಬಂದು, ಗಂಟೆಗೆ 320 ಕಿ.ಮೀ. ಮೀರಿದ ವೇಗದಲ್ಲಿ ಇಳಿಯಿತು. ಪ್ರಯಾಣಿಕರ ವಿಮಾನ ಇಳಿಯುವುದು 260ರ ಆಸುಪಾಸು.

ಇಷ್ಟು ಹತ್ತಿರದಲ್ಲಿ ಇಂಥದ್ದು ನಡೆದರೂ, ದಾವಣಗೆರೆಗೆ ವಿಮಾನ ನಿಲ್ದಾಣ ಬೇಕು ಎಂಬ ಮಾತು ಬಂದಾಗಲೆಲ್ಲ ನಾವು ಜಾಗ, ದುಡ್ಡು ಅಂತಲೇ ಸುತ್ತುತ್ತೇವೆ. ಗಾಳಿ ಯಾರಿಗೂ ನೆನಪಾಗುವುದಿಲ್ಲ. ಅಂತಾರಾಷ್ಟ್ರೀಯ ಮಾನದಂಡ ಹೇಳುವುದು ಇಷ್ಟೇ: ಅಡ್ಡಗಾಳಿ ಲೆಕ್ಕ ಹಾಕಿದ ಮೇಲೂ ರನ್‌ವೇ ಕನಿಷ್ಠ ಶೇ. 95ರಷ್ಟು ಸಮಯ ಬಳಕೆಗೆ ಸಿಗಬೇಕು. ಅದಕ್ಕೆ ವರ್ಷಗಟ್ಟಲೆ ಗಾಳಿ ಅಳೆದ ದಾಖಲೆ ಬೇಕು. ನಕ್ಷೆ ಬರೆಯುವುದು ಆಮೇಲೆ.